ಒಣಗಿಸುವುದು ಯಾತಕ್ಕೆ? ಬಿಯರ್ ಚರಟದ ನೀರು, ಶಾಖ, ಕಾಲದ ಲೆಕ್ಕ

ಬಿಯರ್ ತಯಾರಿಕೆಯಲ್ಲಿ ಉಳಿಯುವ ಧಾನ್ಯದ ಚರಟವನ್ನು ಕುರಿತ ಪ್ರಬಂಧಗಳಲ್ಲಿ ಒಂದು ಅಂಕಿ ಮೊದಲ ಪುಟದಲ್ಲೇ ಎದುರಾಗುತ್ತದೆ: ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 4 ಕೋಟಿ ಟನ್. ಒಬ್ಬರಿಂದೊಬ್ಬರಿಗೆ ದಾಟಿ ಬಂದ ಈ ಅಂಕಿಯನ್ನು ಪಡೆಯಲು ತಕ್ಕಡಿ ಬೇಕಿಲ್ಲ, ಒಂದು ಗುಣಾಕಾರ ಸಾಕು. 100 ಲೀಟರ್ ಬಿಯರಿಗೆ ಸುಮಾರು 20 ಕಿಲೋ ಹಸಿ ಚರಟ ಬೀಳುತ್ತದೆ ಎಂಬುದು ಈ ಉದ್ಯಮದ ಹಳೆಯ ಅಂದಾಜು. ಜಗತ್ತಿನ ಬಿಯರ್ ಉತ್ಪಾದನೆ ವರ್ಷಕ್ಕೆ ಹೆಚ್ಚುಕಡಿಮೆ 190 ಕೋಟಿ ಹೆಕ್ಟೋಲೀಟರ್, ಅಂದರೆ ಅಷ್ಟು ನೂರು ಲೀಟರುಗಳು. ಎರಡನ್ನೂ ಗುಣಿಸಿದರೆ 3.8 ಕೋಟಿ ಟನ್ ಬರುತ್ತದೆ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಓದುಗರು ಆ ಅಂಕಿಯನ್ನು ಧಾನ್ಯದ ತೂಕ ಎಂದು ತಿಳಿಯುತ್ತಾರೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ನೀರು ಕಳೆದರೆ ಉಳಿಯುವುದು 80 ಲಕ್ಷ ಟನ್ನಿನೊಳಗೆ.

ಇದಕ್ಕೆ ಇನ್ನೊಂದು ಅವಸರದ ಮಾತೂ ಅಂಟಿಕೊಂಡಿದೆ. ಈ ಚರಟವನ್ನು ‘ತ್ಯಾಜ್ಯ’ ಎಂದು ಕರೆದು, ಅದನ್ನು ‘ಉಳಿಸುವ’ ಹೊಸ ವಿಧಾನಗಳನ್ನು ಮುಂದಿಡುವುದು ರೂಢಿಯಾಗಿದೆ. ಬ್ರೂವರಿಗಳ ಚರಟ ಬಹಳ ಹಿಂದಿನಿಂದಲೂ ದನದ ಬಾನಿಗೆ ಹೋಗುತ್ತಿದೆ, ಇಂದಿಗೂ ಅದರ ಬಹುಪಾಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಸ್ವಲ್ಪ ಬೇರೆ. ಹಸಿಯಾಗಿಯೇ ಬಳಕೆಯಾಗುವ ವಸ್ತುವನ್ನು ಇಂಧನ ಸುಟ್ಟು ಒಣಗಿಸಲು ಯಾವಾಗ ಕಾರಣವಿದೆ, ಯಾವಾಗ ಇಲ್ಲ? ಸಾಗಾಣಿಕೆಯ ಭಾರ ಇಳಿಸುವುದಕ್ಕೆ ಎಂಬ ಉತ್ತರವೇ ಸಾಮಾನ್ಯವಾಗಿ ಸಿಗುವುದು. ಲೆಕ್ಕ ಹಾಕಿ ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ಚರಟದೊಳಗೆ ಏನಿದೆ

ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಬ್ರೂವರಿಯಲ್ಲಿ ಈ ಮಾಲ್ಟನ್ನು ನುಣ್ಣಗೆ ಹಿಟ್ಟು ಮಾಡುವುದಿಲ್ಲ. ಸಿಪ್ಪೆ ಆದಷ್ಟೂ ಇಡಿಯಾಗಿ ಉಳಿಯುವಂತೆ ರೋಲರುಗಳ ನಡುವೆ ಒಡೆಯುತ್ತಾರೆ. ಅದನ್ನು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕಲಸಿಟ್ಟಾಗ ಮಾಲ್ಟಿನದೇ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿ ದ್ರವ, ಅಂದರೆ ವರ್ಟ್, ಸಿಪ್ಪೆಯ ಹಾಸಿನ ಮೂಲಕವೇ ಸೋಸಿ ಕೆಳಗಿಳಿಯುತ್ತದೆ. ಮೇಲೆ ಉಳಿದದ್ದು ಚರಟ.

ಅದರ ಒಂದು ಕಾಳನ್ನು ಭೂತಗನ್ನಡಿಯಡಿ ಇಟ್ಟು ನೋಡಿದರೆ ಉದ್ದನೆಯ ಹೊಂಬಣ್ಣದ ಸಿಪ್ಪೆ, ಅದರ ಒಳಮೈಗೆ ಅಂಟಿದ ತೆಳು ಕಂದು ಪೊರೆ, ಅಲ್ಲೊಂದು ಇಲ್ಲೊಂದು ಹಿಟ್ಟಿನ ಬಿಳಿ ಚೂರು ಕಾಣುತ್ತವೆ. ಕಾಳಿನ ಹೊಟ್ಟೆ ಖಾಲಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಕದಡಿದ, ತುಸು ಸಿಹಿಯಾದ ನೀರು ಧಾರಾಳವಾಗಿ ಇಳಿಯುತ್ತದೆ. ಇನ್ನೂ ಬಿಗಿಯಾಗಿ ಹಿಂಡಿದರೆ ಹನಿಹನಿ. ಆಮೇಲೆ ಎಷ್ಟು ಬಲ ಹಾಕಿದರೂ ಬರುವುದಿಲ್ಲ, ಆದರೂ ಮುದ್ದೆ ಕೈಗೆ ತೊಯ್ದಂತೆಯೇ ಇರುತ್ತದೆ. ಮೊದಲು ಇಳಿದದ್ದು ಕಾಳು-ಕಾಳಿನ ನಡುವೆ ನಿಂತಿದ್ದ ನೀರು, ಕೊನೆಗೆ ಉಳಿದದ್ದು ಸಿಪ್ಪೆಯ ಕೋಶಭಿತ್ತಿಯೊಳಗೆ ಸಿಕ್ಕಿಕೊಂಡ ನೀರು. ಒಣಗಿಸುವ ಯಂತ್ರಗಳ ಕತೆಯೆಲ್ಲ ಈ ಎರಡು ನೀರುಗಳ ಸುತ್ತಲೇ ಇದೆ. ಮೊದಲನೆಯದನ್ನು ಬಲದಿಂದ ತೆಗೆಯಬಹುದು, ಎರಡನೆಯದಕ್ಕೆ ಹೆಚ್ಚಾಗಿ ಶಾಖವೇ ಬೇಕು.

ಪಿಷ್ಟ ವರ್ಟಿನೊಂದಿಗೆ ಹೋಗುವುದರಿಂದ ಉಳಿದ ಪದಾರ್ಥಗಳ ಪಾಲು ಹೆಚ್ಚುತ್ತದೆ. ಒಣ ತೂಕದಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಶೇ. 20ರಿಂದ 30, ಕೊಬ್ಬು ಶೇ. 5ರಿಂದ 10. ಅರ್ಧದಷ್ಟೋ ಇನ್ನೂ ಹೆಚ್ಚೋ ನಾರು: ಹೆಮಿಸೆಲ್ಯುಲೋಸ್, ಸೆಲ್ಯುಲೋಸ್, ಲಿಗ್ನಿನ್. ಇಲ್ಲಿನ ಹೆಮಿಸೆಲ್ಯುಲೋಸ್ ಮುಖ್ಯವಾಗಿ ಅರಾಬಿನೋಕ್ಸೈಲಾನ್. ಆದರೆ ಇವು ಸ್ಥಿರ ಅಂಕಿಗಳಲ್ಲ. ಬಾರ್ಲಿಯ ತಳಿ, ಕೊಯ್ಲಿನ ಕಾಲ, ಮಾಲ್ಟ್ ಮಾಡಿದ ರೀತಿ, ಜೊತೆಗೆ ಅಕ್ಕಿ ಅಥವಾ ಮೆಕ್ಕೆಜೋಳ ಹಾಕಿದ್ದಾರೆಯೇ ಎಂಬುದರ ಮೇಲೆ ಎಲ್ಲವೂ ಬದಲಾಗುತ್ತವೆ. ಒಂದೇ ಬ್ರೂವರಿಯ ಬೇರೆ ಬೇರೆ ಮ್ಯಾಶ್‌ಗಳ (ಬಿಸಿನೀರಿನಲ್ಲಿ ಕಲಸಿಟ್ಟ ಮಾಲ್ಟಿನ) ನಡುವೆಯೂ ವ್ಯತ್ಯಾಸ ಉಂಟು. ಒಂದು ಮಾದರಿಯ ವಿಶ್ಲೇಷಣೆಯನ್ನು ಹಿಡಿದು ‘ಬಿಯರ್ ಚರಟದಲ್ಲಿ ಇಷ್ಟು ಪ್ರೋಟೀನ್’ ಎಂದು ಬರೆಯುವವರು ಇದನ್ನು ಗಮನಿಸಬೇಕು.

ಶೇಕಡಾವಾರಿನ ಮೋಸ

ತೇವಾಂಶವನ್ನು ಶೇಕಡಾವಾರಿನಲ್ಲಿ ಹೇಳುವ ಪದ್ಧತಿ ಈ ವಿಷಯದಲ್ಲಿ ತುಂಬಾ ದಾರಿ ತಪ್ಪಿಸುತ್ತದೆ. ಒಂದು ಯಂತ್ರ ಚರಟದ ತೇವಾಂಶವನ್ನು ಶೇ. 80ರಿಂದ 75ಕ್ಕೆ ಇಳಿಸಿತು ಎಂದರೆ ‘ಇಷ್ಟೇನಾ’ ಅನ್ನಿಸುತ್ತದೆ. ಒಣ ಅಂಶಕ್ಕೆ ಹೋಲಿಸಿ ನೋಡಿ. ಶೇ. 80 ತೇವಾಂಶದಲ್ಲಿ ಪ್ರತಿ ಕಿಲೋ ಒಣ ಅಂಶದ ಜೊತೆ 4 ಕಿಲೋ ನೀರಿರುತ್ತದೆ. ಶೇ. 75ಕ್ಕೆ ಬಂದಾಗ ಅದು 3 ಕಿಲೋ. ಅಂದರೆ ಕಾಲು ಭಾಗ ನೀರು ಆಗಲೇ ಹೋಯಿತು. ಶೇ. 65ಕ್ಕೆ ಬಂದರೆ 1.86 ಕಿಲೋ, ಅರ್ಧಕ್ಕಿಂತ ಹೆಚ್ಚು ನೀರು ಹೊರಗೆ. ಶೇ. 10ರಲ್ಲಿ ಉಳಿಯುವುದು 110 ಗ್ರಾಂ ಮಾತ್ರ.

ಇದೇ ಲೆಕ್ಕವನ್ನು ಒಂದು ಟನ್ ಹಸಿ ಚರಟಕ್ಕೆ ಹಾಕೋಣ. ಅದರಲ್ಲಿ ಒಣ ಅಂಶ 200 ಕಿಲೋ. ತೇವಾಂಶ ಶೇ. 10 ಆಗುವಷ್ಟು ಒಣಗಿಸಿದರೆ ಸಿಗುವ ಸರಕು 222 ಕಿಲೋ, ತೆಗೆಯಬೇಕಾದ ನೀರು 778 ಕಿಲೋ. ಸ್ಕ್ರೂ ಪ್ರೆಸ್‌ನಲ್ಲಿ ಮೊದಲು ಶೇ. 65ರವರೆಗೆ ಹಿಂಡಿದರೆ 429 ಕಿಲೋ ನೀರು ಶಾಖವಿಲ್ಲದೆಯೇ ಇಳಿಯುತ್ತದೆ, ಶಾಖದಿಂದ ತೆಗೆಯಲು ಉಳಿಯುವುದು 349 ಕಿಲೋ. ಹಿಂಡಲು ಬೇಕಾದ ವಿದ್ಯುತ್ತು ಆವಿಯಾಗಿಸಲು ಬೇಕಾದ ಶಾಖದ ಮುಂದೆ ಅತ್ಯಲ್ಪ. ಚರಟ ಒಣಗಿಸುವ ಯಾವ ಯೋಜನೆಯಲ್ಲಾದರೂ ಹಿಂಡುವ ಹಂತವನ್ನು ಬಿಟ್ಟಿದ್ದರೆ ಅದನ್ನು ಅಲ್ಲಿಗೇ ಮಡಚಿಡಬಹುದು ಎಂದು ನನ್ನ ಅಭಿಪ್ರಾಯ.

ಹಿಂಡುವುದನ್ನು ಇನ್ನೂ ಮುಂದಕ್ಕೆ ಒಯ್ದವರಿದ್ದಾರೆ. ಹಿಗ್ಗುವ ಪೊರೆಯಿಂದ ಒತ್ತುವ ಮೆಂಬ್ರೇನ್ ಫಿಲ್ಟರ್ ಪ್ರೆಸ್‌ನಲ್ಲಿ ಚರಟವನ್ನು ಬಿಸಿನೀರಿನಿಂದ ತೊಳೆದು, ಒತ್ತಿ, ನಿರ್ವಾತದಲ್ಲಿ ಒಣಗಿಸಿ ತೇವಾಂಶವನ್ನು ಶೇ. 20ರಿಂದ 30ರ ನಡುವೆ ತಂದ ಪೈಲಟ್ ಮಟ್ಟದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬ್ರೂವರಿಯ ಒಳಗೇ ಇಂಥ ಬದಲಾವಣೆ ಸಾಧ್ಯ. ಸಿಪ್ಪೆಯ ಹಾಸನ್ನು ನಂಬಿದ ಹಳೆಯ ಸೋಸುವ ತೊಟ್ಟಿಯ ಬದಲು ಮ್ಯಾಶ್ ಫಿಲ್ಟರ್ ಬಳಸಿದರೆ, ಬಟ್ಟೆಯ ಪದರಗಳೇ ಸೋಸುವ ಕೆಲಸ ಮಾಡುವುದರಿಂದ ಮಾಲ್ಟನ್ನು ನುಣ್ಣಗೆ ಪುಡಿ ಮಾಡಬಹುದು. ಆಗ ಹೆಚ್ಚು ಸಕ್ಕರೆ ಸಿಗುತ್ತದೆ, ಚರಟವೂ ಹೊರಬರುವಾಗಲೇ ಕಡಿಮೆ ನೀರು ಹೊತ್ತಿರುತ್ತದೆ.

ಶಾಖದ ಲೆಕ್ಕ, ಮತ್ತು ಜೂನೋ

ಒಂದು ಕಿಲೋ ನೀರನ್ನು ಕೋಣೆಯ ಉಷ್ಣತೆಯಿಂದ ಕುದಿಯುವವರೆಗೆ ಬಿಸಿ ಮಾಡಿ ಆವಿಯಾಗಿಸಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಹಿಂಡದ ಒಂದು ಟನ್ ಚರಟಕ್ಕೆ, ಅಂದರೆ 778 ಕಿಲೋ ನೀರಿಗೆ, 2,000 ಮೆಗಾಜೂಲ್. ಈಗ ಇನ್ನೊಂದು ಬದಿಗೆ ನೋಡೋಣ. ಆ ಟನ್ನಿನಲ್ಲಿರುವ 200 ಕಿಲೋ ಒಣ ಅಂಶವನ್ನು ಸುಟ್ಟರೆ, ಕಿಲೋಗೆ ಸುಮಾರು 19 ಮೆಗಾಜೂಲಿನಂತೆ, ಹೊರಬರುವ ಶಾಖ 3,800 ಮೆಗಾಜೂಲ್. ಅಂದರೆ ಎಲ್ಲವೂ ಆದರ್ಶವಾಗಿ ನಡೆದರೂ ಚರಟದ ಅರ್ಧದಷ್ಟು ಶಕ್ತಿ ಅದನ್ನು ಒಣಗಿಸುವುದಕ್ಕೇ ಸಲ್ಲುತ್ತದೆ. ನಿಜವಾದ ಡ್ರೈಯರಿನಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ, ಡ್ರಮ್ಮಿನ ಮೈಯಿಂದ ಶಾಖ ಸೋರುತ್ತದೆ. ಮೂರರಲ್ಲಿ ಎರಡು ಪಾಲು ಶಾಖ ಮಾತ್ರ ಕೆಲಸಕ್ಕೆ ಬರುತ್ತದೆ ಎಂದುಕೊಂಡರೆ ಶೇ. 80ರಷ್ಟು ಶಕ್ತಿ ಖರ್ಚು. ಮೊದಲು ಶೇ. 65ರವರೆಗೆ ಹಿಂಡಿದ್ದರೆ ಅದು ಶೇ. 37ರ ಆಸುಪಾಸಿಗೆ ಇಳಿಯುತ್ತದೆ.

ಈ ಲೆಕ್ಕವನ್ನು ಕಾಗದದ ಮೇಲೆ ಬಿಡದೆ ಬದುಕಿ ತೋರಿಸಿದ ಒಂದು ಊರು ಅಲಾಸ್ಕದ ರಾಜಧಾನಿ ಜೂನೋ. ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ, ಹಡಗು ಅಥವಾ ವಿಮಾನದಲ್ಲೇ ಹೋಗಬೇಕು. 1986ರಲ್ಲಿ ಅಲ್ಲಿ ಶುರುವಾದ ಅಲಾಸ್ಕನ್ ಬ್ರೂವಿಂಗ್ ಕಂಪನಿಯ ಸುತ್ತಮುತ್ತ ಚರಟವನ್ನು ತಿಂದು ಮುಗಿಸುವಷ್ಟು ದನಗಳಿಲ್ಲ. ಕಂಪನಿ 1995ರಲ್ಲಿ ಡ್ರೈಯರ್ ಹಾಕಿಸಿ, ಒಣಗಿದ ಚರಟವನ್ನು ಹಡಗಿನಲ್ಲಿ ಸಿಯಾಟಲ್ ಕಡೆಗೆ ದನದ ಆಹಾರವಾಗಿ ಕಳಿಸತೊಡಗಿತು. ಡ್ರೈಯರಿನ ಒಲೆಗೆ ಉರುವಲಾಗಿ ಒಣಗಿದ ಚರಟವನ್ನೇ ಬಳಸಿದರು. ಅದರ ಅರ್ಧದವರೆಗೂ ಹೀಗೆ ಉರಿದುಹೋಗುತ್ತಿತ್ತು. ಮೇಲಿನ ಲೆಕ್ಕ ಹಾಕಿದವರಿಗೆ ಈ ‘ಅರ್ಧ’ ಆಶ್ಚರ್ಯ ತರುವುದಿಲ್ಲ.

2008ರಲ್ಲಿ ಅವರು ಮ್ಯಾಶ್ ಫಿಲ್ಟರ್ ಹಾಕಿಸಿದರು. ಆಮೇಲಿನ ಹೆಜ್ಜೆ ಇನ್ನೂ ಕುತೂಹಲದ್ದು. ಹಡಗಿನ ಬಾಡಿಗೆ ಕೊಟ್ಟು ಚರಟವನ್ನು ಹೊರಗೆ ಕಳಿಸುವುದು, ಅದೇ ಹಡಗಿನಲ್ಲಿ ಬಾಯ್ಲರಿಗೆ ಎಣ್ಣೆ ತರಿಸಿಕೊಳ್ಳುವುದು ಎಂಬ ಎರಡು ಖರ್ಚನ್ನೂ ಒಟ್ಟಿಗೆ ತಪ್ಪಿಸಲು, ಬರಿ ಚರಟವನ್ನೇ ಉರಿಸುವ ಹಬೆಯ ಬಾಯ್ಲರನ್ನು ಸುಮಾರು 18 ಲಕ್ಷ ಡಾಲರ್ ವೆಚ್ಚದಲ್ಲಿ ಕಟ್ಟಿಸಿದರು. ಅದು 2012ರ ಕೊನೆಯ ಹೊತ್ತಿಗೆ ಹತ್ತಿಕೊಂಡಿತು. ಕಟ್ಟಿಗೆಯಂತೆ ಚರಟ ಸುಮ್ಮನೆ ಉರಿಯುವ ವಸ್ತುವಲ್ಲ. ಪ್ರೋಟೀನ್ ಹೆಚ್ಚಿರುವುದರಿಂದ ಸಾರಜನಕದ ಆಕ್ಸೈಡುಗಳು ಹೆಚ್ಚು ಹುಟ್ಟುತ್ತವೆ. ಸಿಪ್ಪೆಯ ಸಿಲಿಕಾ ಮತ್ತು ರಂಜಕದಿಂದಾಗಿ ಬೂದಿ ಕರಗಿ ಗಟ್ಟಿಕಟ್ಟುವ ಸ್ವಭಾವದ್ದು. ಅದಕ್ಕೇ ಬೇರೆ ಜೀವರಾಶಿಯೊಂದಿಗೆ ಬೆರೆಸದೆ ಚರಟವೊಂದನ್ನೇ ನಂಬುವ ಬಾಯ್ಲರುಗಳು ಅಪರೂಪ.

ಡೀಸೆಲಿನಲ್ಲಿ ಅಳೆದರೆ

ಸಾಗಾಣಿಕೆಯ ಭಾರ ಇಳಿಸಲು ಒಣಗಿಸಬೇಕು ಎಂಬ ವಾದವನ್ನು ಈಗ ಒರೆಗೆ ಹಚ್ಚಬಹುದು. 10 ಟನ್ ಹೊರುವ ಲಾರಿ ಲೀಟರಿಗೆ 4 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. 100 ಕಿ.ಮೀ. ದೂರದ ಊರಿಗೆ ಹೋಗಿ ಖಾಲಿ ಬರಲು 50 ಲೀಟರ್ ಡೀಸೆಲ್. ಆ ಲಾರಿಯಲ್ಲಿ 8 ಟನ್ ಬರಿ ನೀರು ಹೋಗುತ್ತದೆ ಎಂಬುದು ನಿಜ, ಕೇಳಿದರೆ ಹೊಟ್ಟೆ ಉರಿಯುವಂಥ ಮಾತೂ ಹೌದು. ಒಣಗಿಸಿ ಕಳಿಸಿದರೆ ಸರಕು 2.2 ಟನ್ನಿಗೆ ಇಳಿಯುತ್ತದೆ, ಅದರ ಪಾಲಿನ ಡೀಸೆಲ್ 11 ಲೀಟರ್. ಉಳಿತಾಯ 39 ಲೀಟರ್.

ಆದರೆ ಆ 10 ಟನ್ನನ್ನು ಹಿಂಡದೆ ಒಣಗಿಸಲು ಬೇಕಾದ ಶಾಖ ಸುಮಾರು 31,000 ಮೆಗಾಜೂಲ್. ಡೀಸೆಲಿಗೆ ಪರಿವರ್ತಿಸಿದರೆ 860 ಲೀಟರ್. 39 ಲೀಟರ್ ಉಳಿಸಲು 860 ಲೀಟರ್ ಸುಟ್ಟಂತಾಯಿತು. ಲೆಕ್ಕ ಸರಿತೂಗಬೇಕಾದರೆ ದನ 2,200 ಕಿ.ಮೀ. ಆಚೆ ಇರಬೇಕು. ಮೊದಲು ಹಿಂಡಿದರೂ 1,000 ಕಿ.ಮೀ. ದಾಟಬೇಕು. ಚರಟವನ್ನೋ ಕಟ್ಟಿಗೆಯನ್ನೋ ಉರಿಸಿದರೆ ಹಣದ ಲೆಕ್ಕ ಸಡಿಲವಾಗುತ್ತದೆ, ಬ್ರೂವರಿಯಲ್ಲಿ ಹೇಗೂ ವ್ಯರ್ಥವಾಗುವ ಬಿಸಿಯನ್ನು ಹಿಡಿದು ಬಳಸಿದರೆ ಇನ್ನಷ್ಟು ಸಡಿಲ. ಆದರೂ ಶಕ್ತಿಯ ಲೆಕ್ಕದಲ್ಲಿ ಇಷ್ಟು ದೊಡ್ಡ ಅಂತರವನ್ನು ಅಷ್ಟರಿಂದಲೇ ಮುಚ್ಚಲಾಗದು. ಜೂನೋದಿಂದ ಸಿಯಾಟಲ್ 1,400 ಕಿ.ಮೀ.ಗೂ ದೂರ, ಆದರೆ ಹಡಗು ಲಾರಿಗಿಂತ ಎಷ್ಟೋ ಕಡಿಮೆ ಇಂಧನದಲ್ಲಿ ಸರಕು ಒಯ್ಯುತ್ತದೆ. ಹಾಗಿದ್ದೂ ಅವರು ಒಣಗಿಸಲೇಬೇಕಾಯಿತು. ಅಷ್ಟು ದಿನದ ಸಮುದ್ರಯಾನದಲ್ಲಿ ಹಸಿ ಚರಟ ಕೊಳೆತು ಹೋಗುತ್ತದೆ, ಅದೇ ಕಾರಣ. ಒಣಗಿಸುವುದಕ್ಕೆ ನಾವು ತೆರುವ ಶಾಖ ನಿಜವಾಗಿ ಕೊಂಡುಕೊಳ್ಳುವುದು ಕಾಲವನ್ನು. ಭಾರ ಇಳಿಯುವುದು ಅದರ ಜೊತೆಗೆ ಸಿಗುವ ಕೊಸರು.

ಎರಡು ದಿನ

ಸೋಸುವ ತೊಟ್ಟಿಯಿಂದ ಹೊರಬಿದ್ದಾಗ ಚರಟ 70 ಡಿಗ್ರಿಗೂ ಹೆಚ್ಚು ಬಿಸಿಯಿರುತ್ತದೆ, ಹಾಳುಮಾಡುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಆಗ ತಲೆಯೆತ್ತುವುದಿಲ್ಲ. ಅಪಾಯ ಆರುವ ಹೊತ್ತಿನದು. ದೊಡ್ಡ ಗುಡ್ಡೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಉಳಿದ ಸಕ್ಕರೆ, ಪ್ರೋಟೀನ್, ನೀರು, ಬಿಸುಪು ನಾಲ್ಕೂ ಒಟ್ಟಿಗೆ ಇದ್ದರೆ ಏನಾಗಬೇಕೋ ಅದು ಆಗುತ್ತದೆ. ಮೊದಲು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ ಹುಳಿ, ಗಾಳಿಯಾಡುವ ಮೇಲ್ಪದರದಲ್ಲಿ ಯೀಸ್ಟು, ಬೂಷ್ಟು. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ದಿನಕ್ಕೆ ವಾಸನೆ ಬದಲಾಗುತ್ತದೆ.

ಹುಳಿಯಾಗುವುದು ಅಷ್ಟೇನೂ ಕೆಟ್ಟದ್ದಲ್ಲ. ಅದನ್ನು ಬೇಕೆಂದೇ, ಗಾಳಿಯಿಲ್ಲದಂತೆ, ಬೇಗನೆ ಆಗಗೊಟ್ಟರೆ ಅದೇ ರಸಮೇವು. ಬ್ರೂವರಿಯ ಚರಟವನ್ನು ಗುಂಡಿಗೆ ಹಾಕಿ, ಬಿಗಿಯಾಗಿ ತುಳಿದು, ಮೇಲೆ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಇಡುವುದು ಹಳೆಯ ಲಂಡನ್ನಿನ ಹಸು ಸಾಕಣೆದಾರರಿಗೆ ಗೊತ್ತಿತ್ತು. ಕಾಲವನ್ನು ಶಾಖದ ಬದಲು ಆಮ್ಲದಿಂದ ಕೊಂಡುಕೊಳ್ಳುವ ಈ ದಾರಿಗೆ ಇಂಧನದ ಖರ್ಚಿಲ್ಲ.

ಬೂಷ್ಟಿನ ಕತೆ ಬೇರೆ. ಆಸ್ಪರ್ಜಿಲಸ್ ಕ್ಲಾವೇಟಸ್ ಎಂಬ ಶಿಲೀಂಧ್ರಕ್ಕೆ ಮೊಳಕೆ ಧಾನ್ಯದ ಮೇಲೆ ಬೆಳೆಯುವುದು ಬಲು ಸಲೀಸು. ದಕ್ಷಿಣ ಆಫ್ರಿಕದಲ್ಲಿ ಜೋಳದ ಬಿಯರಿನ ಬೂಷ್ಟು ಹಿಡಿದ ಚರಟ ತಿಂದ ದನಗಳಲ್ಲಿ ಮೈನಡುಕ, ಹಿಂಗಾಲು ಸೋಲುವುದು, ಕೊನೆಗೆ ನೆಲ ಹಿಡಿಯುವುದು ಕಂಡುಬಂದದ್ದು ಪಶುವೈದ್ಯ ಸಾಹಿತ್ಯದಲ್ಲಿ ದಾಖಲಾಗಿದೆ. ಈಗಾಗಲೇ ವಿಷ ಕಟ್ಟಿದ ಚರಟವನ್ನು ಆಮೇಲೆ ಒಣಗಿಸಿದರೂ ಪ್ರಯೋಜನವಿಲ್ಲ. ಶಿಲೀಂಧ್ರ ಸಾಯಬಹುದು, ಅದು ಬಿಟ್ಟ ವಿಷ ಸಾಮಾನ್ಯವಾಗಿ ಉಳಿದೇ ಇರುತ್ತದೆ. ಹಾಳಾದ ಮಾಲನ್ನು ಒಣಗಿಸಿ ಮಾರುವುದು ಹಸಿಯಾಗಿ ಮಾರುವುದಕ್ಕಿಂತ ಹೆಚ್ಚು ಅಪಾಯಕಾರಿ, ಯಾಕೆಂದರೆ ಒಣಗಿದ ಮೇಲೆ ಮೂಗಿಗೆ ಸುಳಿವು ಸಿಗುವುದಿಲ್ಲ.

ಕಾಸೆಲ್‌ನ ಪ್ರಸಂಗ

ಚರಟ ಒಣಗಿಸುವ ವ್ಯವಹಾರಕ್ಕೆ ಒಂದು ಕುಖ್ಯಾತಿಯೂ ಇದೆ. 1889ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ, ಹೆಸರಲ್ಲೇ ‘ಚರಟ ಒಣಗಿಸುವ’ ಎಂದಿದ್ದ ಒಂದು ಷೇರು ಕಂಪನಿ ಹುಟ್ಟಿತು. ಬ್ರೂವರಿಗಳಿಂದ ಚರಟ ಕೊಂಡು ಒಣಗಿಸಿ ದನದ ಆಹಾರವಾಗಿ ಮಾರುವುದು ಅದರ ಕೆಲಸ. ಷೇರುದಾರರಿಗೆ ಬಹಳ ದೊಡ್ಡ ಲಾಭಾಂಶ ಹಂಚಿ ಹೆಸರು ಮಾಡಿದ ಈ ಕಂಪನಿ ಆಮೇಲೆ ಮರದ ಪುಡಿಯಿಂದ ಇದ್ದಿಲು, ರಾಸಾಯನಿಕಗಳನ್ನು ತೆಗೆಯುವ ಕಡೆಗೆ ಹೊರಳಿತು. ಅದಕ್ಕೆ ಸಾಲದ ಮೇಲೆ ಸಾಲ ಕೊಡುತ್ತ ಹೋದ ಲೈಪ್‌ಜಿಗ್ ಬ್ಯಾಂಕ್ ತನ್ನ ಷೇರು ಬಂಡವಾಳವನ್ನೂ ಮೀರಿ ಸಿಕ್ಕಿಹಾಕಿಕೊಂಡು 1901ರ ಜೂನ್‌ನಲ್ಲಿ ಬಾಗಿಲು ಹಾಕಿತು, ಕಂಪನಿಯೂ ಮುಳುಗಿತು. ಇದರ ಹೊಣೆಯನ್ನು ಒಣಗಿಸುವ ಡ್ರಮ್ಮಿನ ಮೇಲೆ ಹೊರಿಸುವುದು ತಪ್ಪು, ಬಿದ್ದದ್ದು ಲೆಕ್ಕಪುಸ್ತಕ. ಆದರೂ ಹಸಿ ಚರಟ ಕೊಂಡು, ಇಂಧನ ಸುಟ್ಟು, ಹಿಂಡಿಯ ಬೆಲೆಗೆ ಮಾರುವ ಕಸುಬಿನಲ್ಲಿ ಅಂಥ ಲಾಭ ಹೇಗೆ ಬಂದೀತು ಎಂಬ ಅನುಮಾನ ಅಂದಿನ ಷೇರುದಾರರಿಗೆ ಮೊದಲೇ ಬರಬೇಕಿತ್ತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಆಸ್ಟ್ರಿಯದ ಲೇಯೋಬೆನ್ ನಗರದ ಗೋಸ್ ಬ್ರೂವರಿ. ಅಲ್ಲಿ ಚರಟವನ್ನು ಒಣಗಿಸುವ ಗೋಜಿಗೇ ಹೋಗದೆ ಹಸಿಯಾಗಿಯೇ ಹುದುಗಿಸಿ ಜೈವಿಕ ಅನಿಲ ಪಡೆಯುವ ಘಟಕವನ್ನು 2015ರ ಸುಮಾರಿಗೆ ನಡೆಸತೊಡಗಿದರು. ಆ ಅನಿಲ ಮತ್ತೆ ಬ್ರೂವರಿಗೇ ಹೋಗುತ್ತದೆ. ಲಿಗ್ನಿನ್ ಬಿಗಿದ ನಾರು ನಿಧಾನವಾಗಿ ಕರಗುತ್ತದೆ, ಪ್ರೋಟೀನಿನಿಂದ ಅಮೋನಿಯ ಹೆಚ್ಚಾಗಿ ಜೀವಾಣುಗಳಿಗೇ ತೊಂದರೆಯಾಗಬಹುದು. ಇವೆರಡನ್ನೂ ನಿಭಾಯಿಸಬಲ್ಲ ದೊಡ್ಡ ಬ್ರೂವರಿಗೆ ಇದು ಬುದ್ಧಿವಂತಿಕೆಯ ದಾರಿ.

ಅಡುಗೆಮನೆಗೆ

ಮನುಷ್ಯರ ಊಟಕ್ಕಾದರೆ ಒಣಗಿಸಲೇಬೇಕು. ಹಿಟ್ಟು ಬೀಸಲು ಒಣ ಧಾನ್ಯ ಬೇಕು, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರಬೇಕು. ಇಲ್ಲಿ ತೊಡಕು ತಂದಿಡುವುದು ಉಷ್ಣತೆ. 60 ಡಿಗ್ರಿ ಮೀರಿದರೆ ಬೇಡದ ವಾಸನೆಗಳು ಹುಟ್ಟತೊಡಗುತ್ತವೆ ಎಂದು ಸಂಶೋಧಕರು ಎಚ್ಚರಿಸುತ್ತಾರೆ. ಒಲೆಯಂಥ ಡ್ರೈಯರಿನಲ್ಲಿ ಸರಕು ಹೊರಬೀಳುವ ತುದಿಯ ಹತ್ತಿರ ಉಷ್ಣತೆ ಹಿಡಿತಕ್ಕೆ ಸಿಗದೆ ಸೀದುಹೋಗುವ ಭಯವೂ ಇದೆ. ಚರಟ ತೊಯ್ದಿರುವಷ್ಟು ಹೊತ್ತು ಆವಿಯಾಗುವ ನೀರೇ ಅದನ್ನು ತಂಪಾಗಿಡುತ್ತದೆ. ನೀರು ಮುಗಿದ ಕ್ಷಣ ಕಾವು ಧಾನ್ಯಕ್ಕೆ ನೇರ ತಾಗುತ್ತದೆ. ಒಣಗಿಸುವವರ ಕಸುಬುದಾರಿಕೆ ಕಾಣುವುದು ಕೊನೆಯ ಆ ಅರ್ಧ ಗಂಟೆಯಲ್ಲಿ. ಹಾಗೆಂದು ಕಾವನ್ನು ತೀರಾ ಇಳಿಸಿದರೆ ಧಾನ್ಯ ಗಂಟೆಗಟ್ಟಲೆ ಬೆಚ್ಚಗೆ, ತೇವದಲ್ಲೇ ಇದ್ದು ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆದ್ದರಿಂದ ಮೊದಲು ಹಿಂಡಬೇಕು, ತೆಳುವಾಗಿ ಹರಡಬೇಕು, ಗಾಳಿ ಜೋರಾಗಿ ಓಡಾಡಬೇಕು. ನೀರನ್ನು ಹಿಮವಾಗಿಸಿ ನಿರ್ವಾತದಲ್ಲಿ ತೆಗೆಯುವ ಕ್ರಮ ಗುಣ ಕಾಪಾಡುತ್ತದಾದರೂ ದನದ ಬೂಸಾದಷ್ಟು ಅಗ್ಗದ ವಸ್ತುವಿಗೆ ಆ ಖರ್ಚು ಹೊಂದುವುದಿಲ್ಲ.

ಬೆಂಗಳೂರಿನಲ್ಲಿ ಸೇವಿಂಗ್ ಗ್ರೇನ್ಸ್ ಎಂಬ ಸಂಸ್ಥೆ ಬ್ರೂಪಬ್‌ಗಳ, ಅಂದರೆ ತಮ್ಮಲ್ಲೇ ಬಿಯರ್ ತಯಾರಿಸಿ ಮಾರುವ ಪಬ್‌ಗಳ, ಚರಟವನ್ನು ಒಣಗಿಸಿ ಹಿಟ್ಟಾಗಿಸಿ ತಿನಿಸುಗಳಿಗೆ ಬಳಸುವ ಕೆಲಸಕ್ಕೆ ಕೈಹಾಕಿದೆ. ಈ ಹಿಟ್ಟನ್ನು ಗೋಧಿಯ ಬದಲಿಗೆ ಬಳಸಲಾಗದು, ಗೋಧಿಯ ಜೊತೆಗೆ ಬಳಸಬಹುದು. ಸಿಪ್ಪೆಯ ಚೂರುಗಳು ಗೋಧಿಯ ಅಂಟಿನ ಜಾಲವನ್ನು ಕತ್ತರಿಸುವುದರಿಂದ ಬ್ರೆಡ್ ಉಬ್ಬುವುದು ಕಡಿಮೆ, ಬಣ್ಣ ಗಾಢ, ನೀರು ಹೆಚ್ಚು ಹೀರುತ್ತದೆ. ಹತ್ತರಲ್ಲಿ ಒಂದು ಪಾಲಿನವರೆಗೆ ಬೆರೆಸಿದರೆ ತಿನ್ನುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಉಬ್ಬಬೇಕಾಗಿಲ್ಲದ ಬಿಸ್ಕತ್ತು, ಚಪಾತಿ, ನಿಪ್ಪಟ್ಟಿನಂಥವುಗಳಲ್ಲಿ ಇನ್ನೂ ಸಲೀಸು. ಬಾರ್ಲಿಯಲ್ಲಿ ಗೋಧಿಯ ಗ್ಲುಟೆನ್ನಿನ ಕುಲಕ್ಕೇ ಸೇರಿದ ಹಾರ್ಡೀನ್ ಇರುವುದರಿಂದ ಗ್ಲುಟೆನ್ ಆಗದವರು ಇದನ್ನು ಮುಟ್ಟಬಾರದು ಎಂಬುದನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಬರೆಯಬೇಕು.

ಬೆಂಗಳೂರಿನ ಸುತ್ತ

2011ರಲ್ಲಿ ಮೊದಲ ಬ್ರೂಪಬ್ ಬಂದ ಮೇಲೆ ಬೆಂಗಳೂರಿನಲ್ಲಿ ಚರಟದ ಮೂಲಗಳು ಊರ ತುಂಬ ಚದುರಿವೆ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ. ದೊಡ್ಡ ಬ್ರೂವರಿಗಳದ್ದು ಲಾರಿ ಲೆಕ್ಕ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೂ ಅಂಥದ್ದಿದೆ. ಹಾಲು ಉತ್ಪಾದಕರು ‘ಬಿಯರ್ ವೇಸ್ಟ್’ ಎಂದು ಕರೆಯುವ ಈ ಸರಕು ಡ್ರಮ್ಮುಗಳಲ್ಲಿ, ಚೀಲಗಳಲ್ಲಿ ನಗರದ ಅಂಚಿನ ಕೊಟ್ಟಿಗೆಗಳನ್ನು ಸೇರುತ್ತದೆ.

ಇಲ್ಲಿ ಬಿಸಿಲಿಗೇನು ಕೊರತೆ, ಒಣಹಾಕಬಹುದಲ್ಲ ಎನ್ನುವವರಿಗೆ ಒಂದು ಅಂದಾಜು. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಬೀಳುವ ಸೌರಶಕ್ತಿ ಸುಮಾರು 20 ಮೆಗಾಜೂಲ್. ಅದರಲ್ಲಿ ಮೂರನೇ ಒಂದು ಭಾಗ ನೀರು ಆರಿಸಲು ಸಂದರೆ ದಿನಕ್ಕೆ 2.6 ಕಿಲೋದಷ್ಟು ನೀರು ಹೋಗುತ್ತದೆ. ಒಂದು ಟನ್ ಹಸಿ ಚರಟವನ್ನು ಒಂದೇ ದಿನದಲ್ಲಿ ಒಣಗಿಸಲು 300 ಚದರ ಮೀಟರ್ ಬೇಕು, ಅಂದರೆ 30-40 ಅಡಿಯ ಸುಮಾರು ಮೂರು ಸೈಟು. ಸಾವಿರ ಲೀಟರ್ ಬಿಯರ್ ಮಾಡುವ ಬ್ರೂಪಬ್ಬಿನ ಒಂದು ಸಲದ 200 ಕಿಲೋಗೆ ಅರ್ಧ ಸೈಟಿಗೂ ಮೀರಿದ ತಾರಸಿ. ಚರಟ ಬಿದ್ದ ದಿನವೇ ಮೋಡ ಕವಿದರೆ ಅದು ಎರಡನೇ ದಿನಕ್ಕೆ ದಾಟುತ್ತದೆ, ಮೇಲೆ ಸಿಪ್ಪೆ ಗರಿಗರಿ, ಅಡಿಯಲ್ಲಿ ಹುಳಿ. ಹಿಂಡಿ ಒಣಹಾಕಿದರೆ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಇದು ಮಾಡಬಹುದಾದ ಕೆಲಸ. ಆಮೇಲೆ ಬಿಸಿಲನ್ನು ನಂಬಿ ಕೂರುವಂತಿಲ್ಲ.

ಮಾರುಕಟ್ಟೆಯ ಪಶು ಆಹಾರಕ್ಕೆ ಬೆರೆಸಬೇಕಾದರೆ ಮಾತ್ರ ಪೂರ್ತಿ ಒಣಗಿಸದೆ ಗತ್ಯಂತರವಿಲ್ಲ. ಸಿದ್ಧ ಪಶು ಆಹಾರದ ಭಾರತೀಯ ಮಾನದಂಡ ತೇವಾಂಶಕ್ಕೆ ಶೇ. 11ರ ಮಿತಿ ಹಾಕಿದೆ. ಆದರೆ ಬ್ರೂವರಿಯಿಂದ ಕೊಟ್ಟಿಗೆಗೆ ಮೂವತ್ತು ನಲವತ್ತು ಕಿ.ಮೀ. ಇರುವಲ್ಲಿ, ಚರಟ ಆ ದಿನವೇ ಅಥವಾ ಮರುದಿನ ಖರ್ಚಾಗುವಲ್ಲಿ, ಒಣಗಿಸುವುದು ಶುದ್ಧ ನಷ್ಟ. ಹೆಚ್ಚಾಗಿ ಬಂದದ್ದನ್ನು ಗಾಳಿಯಾಡದಂತೆ ತುಂಬಿ, ನೀರು ಹೀರಲು ಸ್ವಲ್ಪ ಒಣಹುಲ್ಲೋ ತೌಡೋ ಸೇರಿಸಿ ರಸಮೇವು ಮಾಡುವುದು ಉತ್ತಮ.

ಕೊಳ್ಳುವ ರೈತರು ಕೇಳಬೇಕಾದ್ದು ಬೇರೆ. ಕಿಲೋಗೆ 5 ರೂಪಾಯಿಯಂತೆ ಕೊಟ್ಟರು ಎಂದುಕೊಳ್ಳೋಣ. ತೇವಾಂಶ ಶೇ. 80 ಇದ್ದರೆ ಒಣ ಅಂಶಕ್ಕೆ ಕಿಲೋಗೆ 25 ರೂಪಾಯಿ ಬಿತ್ತು, ಶೇ. 75 ಇದ್ದರೆ 20. ನೋಡಲು ಎರಡೂ ಒಂದೇ ಥರ. 100 ಗ್ರಾಂ ತೂಗಿ, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಸೀಯದಂತೆ ಕೈಯಾಡಿಸುತ್ತ ತೂಕ ಇಳಿಯುವುದು ನಿಲ್ಲುವವರೆಗೆ ಹುರಿದು ಮತ್ತೆ ತೂಗಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪೋಷಣೆಯ ಕಡೆ ಇದರ ಪ್ರೋಟೀನಿನ ಅರ್ಧದಷ್ಟು ಭಾಗ ಮೆಲುಕು ಚೀಲದಲ್ಲಿ ಒಡೆಯದೆ ಮುಂದೆ ಸಾಗುವುದು ಹಾಲಿನ ಹಸುವಿಗೆ ಲಾಭವೇ. ಆದರೆ ದಿನದ ಮೇವಿನ ಒಣ ಅಂಶದಲ್ಲಿ ಇದು ಐದನೇ ಒಂದು ಪಾಲನ್ನು ಹೆಚ್ಚು ದಾಟಬಾರದು. ಕರಗುವ ಖನಿಜಗಳು ಬಿಯರಿನೊಂದಿಗೆ ಹೋಗಿರುತ್ತವೆ, ಸುಣ್ಣದಂಶವಂತೂ ತೀರಾ ಕಡಿಮೆ. ಖನಿಜ ಮಿಶ್ರಣ ಕೊಡದೆ ಬರಿ ‘ಬಿಯರ್ ವೇಸ್ಟ್’ ಮೇಲೆ ಹಾಲು ಹಿಂಡುವುದು ಹಸುವಿನ ಎಲುಬಿನಿಂದ ಸಾಲ ಪಡೆದಂತೆ.

ಇಲ್ಲಿ ಮೊದಲು ನಡೆಯಬೇಕಾದ ಅಳತೆ ಗಂಟೆಯದು: ತೊಟ್ಟಿಯಿಂದ ಹೊರಬಿದ್ದ ಹೊತ್ತಿನಿಂದ ಬಾನಿಗೆ ಬೀಳುವ ಹೊತ್ತಿನವರೆಗೆ ಎಷ್ಟು, ಅಷ್ಟರಲ್ಲಿ ಆಮ್ಲ ಎಷ್ಟು, ಬೂಷ್ಟಿನ ವಿಷ ಎಷ್ಟು. ಆಡುಗೋಡಿಯಲ್ಲೇ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇರುವ ನಗರಕ್ಕೆ ಇದು ದೂರದ ಮಾತಲ್ಲ. ಬ್ರೂಪಬ್‌ಗಳಿಗೆ ಸಣ್ಣ ಸ್ಕ್ರೂ ಪ್ರೆಸ್ ಹಾಕಿಸುವ ಯೋಚನೆಯೂ ಚೆನ್ನಾಗಿದೆ, ಆದರೆ ಅದಕ್ಕೆ ಮುನ್ನ ಇನ್ನೊಂದನ್ನು ತೀರ್ಮಾನಿಸಬೇಕು. ಟನ್ನಿಗೆ 429 ಕಿಲೋದಂತೆ ಹಿಂಡಿ ಬಂದ ನೀರಿನಲ್ಲಿ ಸಕ್ಕರೆ, ಪ್ರೋಟೀನ್ ಎರಡೂ ಇರುತ್ತವೆ. ಚರಂಡಿಗೆ ಬಿಟ್ಟರೆ ಅಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ತಿನ್ನುವುದು ಈ ನೀರೇ. ಅದಕ್ಕೆ ಬ್ರೂವರಿಯೊಳಗೇ ಶುದ್ಧೀಕರಣದ ತೊಟ್ಟಿ ಇದೆಯೋ, ಬಿಸಿ ಆರುವ ಮೊದಲೇ ಹಸುಗಳಿಗೆ ಕುಡಿಸುವ ಏರ್ಪಾಡು ಮಾಡಬಹುದೋ ಎಂಬುದು ಪ್ರೆಸ್ಸಿನ ಬೆಲೆಯ ಜೊತೆಗೇ ಲೆಕ್ಕಕ್ಕೆ ಬರಬೇಕು.